ಕರೆಂಟು ಕೊಟ್ಟಾದ ಮೇಲಿನ ಮಾತು

ಗಿರಿಜಮ್ಮನವರಿಗೆ ಮೊದಲು ಅನುಮಾನ ಹುಟ್ಟಿಸಿದ್ದು ನನ್ನ ತಲೆಗೂದಲು. ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡು. ಆ ಕಡೆ ಅವರ ದಾಸವಾಳ, ಈ ಕಡೆ ನಮ್ಮ ಕರಿಬೇವು. ಅವರು ಪೂಜೆಗೆ ಹೂ ಬಿಡಿಸುವ ಹೊತ್ತೂ ನಾನು ಒಗ್ಗರಣೆಗೆ ಸೊಪ್ಪು ಕೀಳುವ ಹೊತ್ತೂ ಒಂದೇ. ಹೀಗಾಗಿ ಬೆಂಗಳೂರಿನ ಹನುಮಂತನಗರದ ಈ ಬೀದಿಯ ಸಮಾಚಾರವೆಲ್ಲ ಆ ಗೋಡೆಯ ಮೇಲೇ ವಿಲೇವಾರಿ ಆಗುತ್ತದೆ.

“ಏನ್ ಟೀಚರ್, ತಲೆಗೆ ಎಣ್ಣೆ ಮುಟ್ಟಿಸಿ ಎಷ್ಟು ದಿನ ಆಯ್ತು? ಕೂದಲು ಹಾರಾಡ್ತಾ ಇದೆ. ಕೈಯಲ್ಲಿ ಬಳೆ ಇಲ್ಲ, ಕಿವೀಲಿ ಓಲೆ ಇಲ್ಲ. ದಿನಾ ಒಂಬತ್ತಕ್ಕೆ ಆಟೋ ಹತ್ತಿ ಹೋಗ್ತೀರಿ, ಮಧ್ಯಾಹ್ನ ಸುಸ್ತಾಗಿ ಬರ್ತೀರಿ. ಮಗಳ ಮನೇಲಿ ಏನಾದ್ರೂ…?”

“ಮಗಳ ಮನೇಲಿ ಎಲ್ಲ ಚೆನ್ನಾಗಿದಾರೆ ಗಿರಿಜಮ್ಮ. ನಾನು ಆಕ್ಸಿಜನ್ ತಗೊಳ್ಳೋಕೆ ಹೋಗ್ತಾ ಇದೀನಿ.”

ಆಕ್ಸಿಜನ್ ಎಂದ ಕೂಡಲೇ ಅವರ ಕೈಯಲ್ಲಿದ್ದ ಹೂವಿನ ಬುಟ್ಟಿ ಗೋಡೆಯ ಮೇಲೆ ಕೂತಿತು. 2021ರ ಕೊರೋನಾ ಬೇಸಿಗೆಯನ್ನು ಈ ಊರಿನಲ್ಲಿ ಕಳೆದವರಿಗೆ ಆ ಮಾತು ಬೇರೇನನ್ನೂ ನೆನಪಿಸುವುದಿಲ್ಲ. ಸಿಲಿಂಡರಿಗೆ ಅಲೆದದ್ದು, ಬೆಡ್ಡಿಗೆ ಫೋನ್ ಮಾಡಿದ್ದು, ಸಿಕ್ಕದೆ ಹೋದದ್ದು. “ಅಯ್ಯೋ, ಹಂಗಾದ್ರೆ ಅದು ಮತ್ತೆ ಬಂತಾ?” ಎಂದರು. ‘ಅದು’ ಎಂದರೆ ಯಾವುದು ಎಂದು ನಾವಿಬ್ಬರೂ ಬಿಡಿಸಿ ಹೇಳಿಕೊಳ್ಳಬೇಕಾಗಿರಲಿಲ್ಲ. ನನಗೆ ಗರ್ಭಕೋಶದ ಕಂಠದ ಕ್ಯಾನ್ಸರ್ ಆಗಿದ್ದಾಗ ನಮ್ಮ ಮನೆಗೆ ಸಾರು, ಗಂಜಿ ಕಳಿಸುತ್ತಿದ್ದವರು ಅವರೇ.

“ಅದು ಬಂದಿಲ್ಲ. ಅದು ಹೋಗಿದೆ. ಅದನ್ನ ಓಡಿಸೋಕೆ ಕರೆಂಟು ಕೊಟ್ಟಿದ್ರಲ್ಲ, ಆ ಕರೆಂಟು ಒಳಗೆ ಮಾಡಿದ ಗಾಯ ಈಗ ಎದ್ದಿದೆ.”

“ಇಷ್ಟು ವರ್ಷ ಆದ್ಮೇಲಾ?”

ಎಲ್ಲರೂ ಕೇಳುವುದು ಇದನ್ನೇ. ಅದಕ್ಕೇ ಇವತ್ತು ಗೋಡೆಯ ಮೇಲಿನ ಮಾತನ್ನು ಇಲ್ಲಿಗೂ ತಂದಿದ್ದೇನೆ. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕರೆಂಟು, ಎಂದರೆ ವಿಕಿರಣ ಚಿಕಿತ್ಸೆ (ರೇಡಿಯೇಷನ್), ಕೊಡಿಸಿಕೊಂಡು ಬದುಕಿ ಉಳಿದವರು ನಮ್ಮ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಅವರು ಬದುಕಿರುವುದೇ ಆ ಕರೆಂಟಿನಿಂದ, ನಾನೂ ಅಷ್ಟೆ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಕಾಯಿಲೆ ಹೋದ ಮೇಲೆ ಏನೇನು ಆಗಬಹುದು, ಆದರೆ ಯಾರ ಬಳಿ ಹೋಗಬೇಕು ಎಂಬುದನ್ನು ಯಾರೂ ಇವರಿಗೆ ಕೂರಿಸಿ ಹೇಳಿರುವುದಿಲ್ಲ.

ನನ್ನ ಕಾಯಿಲೆಗೆ ಐದಾರು ವಾರ ಹೊರಗಿನಿಂದ ಕಿರಣ ಕೊಡುತ್ತಾರೆ, ಆಮೇಲೆ ಒಳಗೇ ನಳಿಗೆ ಇಟ್ಟು ಕೊಡುತ್ತಾರೆ. ಗರ್ಭಕೋಶದ ಮುಂದೆ ಮೂತ್ರಕೋಶ, ಹಿಂದೆ ಗುದನಾಳ. ನಡುವೆ ಬೆರಳಗಲದ ಜಾಗವೂ ಇಲ್ಲ. ಎಷ್ಟು ನಾಜೂಕಾಗಿ ಗುರಿ ಇಟ್ಟರೂ ಅಕ್ಕಪಕ್ಕಕ್ಕೆ ಸ್ವಲ್ಪ ತಾಗದೆ ಇರದು. ತಾಗಿದ ಕಡೆ ತಕ್ಷಣ ಆಗುವ ಉರಿ ಕೆಲವು ವಾರಗಳಲ್ಲಿ ಆರುತ್ತದೆ. ಆರದೆ ಉಳಿಯುವುದು ಇನ್ನೊಂದು. ಕಿರಣ ಬಿದ್ದ ಕಡೆ ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆ ದಪ್ಪಗಾಗುತ್ತ ಹೋಗಿ, ನಾಳ ಕಿರಿದಾಗಿ, ಕೊನೆಗೆ ಮುಚ್ಚಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ, ಕೆಲವರಲ್ಲಿ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ನಡೆಯುತ್ತದೆ. ರಕ್ತ ಹೋಗದ ಕಡೆ ಉಸಿರೂ ಇಲ್ಲ. ಅಲ್ಲಿನ ಮಾಂಸ ಬಿಗಿದುಕೊಳ್ಳುತ್ತದೆ, ಮೇಲ್ಪದರ ತೆಳ್ಳಗಾಗುತ್ತದೆ, ಎಲ್ಲೋ ಒಂದು ಕಡೆ ಬಿರಿದು ರಕ್ತ ಜಿನುಗುತ್ತದೆ. ಆರೋಗ್ಯವಂತ ಜಾಗವಾದರೆ ತಾನಾಗಿ ಮಾಯುತ್ತದೆ. ಇಲ್ಲಿ ಮಾಯಿಸಲು ಬೇಕಾದ ರಕ್ತವೇ ಬರುವುದಿಲ್ಲ.

ನನಗೆ ಒಂದು ಬೆಳಿಗ್ಗೆ ಮೂತ್ರ ಕೆಂಪಗೆ ಬಂತು. ನೋವಿಲ್ಲ, ಉರಿಯಿಲ್ಲ, ಬರೀ ಕೆಂಪು. ಅವತ್ತೇ ಡಾಕ್ಟರ ಹತ್ತಿರ ಹೋದೆ. ಕ್ಯಾಮೆರಾ ಇರುವ ನಳಿಗೆ ಹಾಕಿ ನೋಡಿದರು. ಕ್ಯಾನ್ಸರ್ ಮರಳಿದೆಯೇ ಎಂದು ಮೊದಲು ನೋಡುವುದು ಕಡ್ಡಾಯ. ಅದನ್ನು ನೋಡದೆ ಬೇರೆ ಯಾವ ಚಿಕಿತ್ಸೆಗೂ ಕೈ ಹಾಕುವ ಹಾಗಿಲ್ಲ. ಕ್ಯಾನ್ಸರ್ ಇರಲಿಲ್ಲ. ಮೂತ್ರಕೋಶದ ಒಳಮೈ ಅಲ್ಲಲ್ಲಿ ಬಿಳಿಚಿಕೊಂಡು, ಅದರ ಮೇಲೆ ಹಿಗ್ಗಿದ ಕೆಂಪು ನಾಳಗಳು ಹರಡಿಕೊಂಡಿದ್ದವು. ಒಂದೆರಡು ಕಡೆ ರಕ್ತ ಜಿನುಗುತ್ತಿರುವುದು ಪರದೆಯ ಮೇಲೆ ನನಗೂ ಕಂಡಿತು. ನಳಿಗೆಯಿಂದ ತೊಳೆದರು, ಜಿನುಗುವ ಬಾಯಿಗಳನ್ನು ಸುಟ್ಟರು. ಪಟಿಕದ ನೀರು ಹಾಯಿಸುವ ಕ್ರಮವೂ ಇದೆ. ಹೌದು, ಗಡ್ಡ ಹೆರೆದ ಮೇಲೆ ಉಜ್ಜುವ ಅದೇ ಪಟಿಕ, ರಕ್ತ ಕಟ್ಟಿಸುತ್ತದೆ. ನಿಲ್ಲುವುದು, ಮತ್ತೆ ಶುರುವಾಗುವುದು. ಹೀಗೇ ನಡೆದಾಗ ಹೈಪರ್‌ಬೇರಿಕ್ ಆಕ್ಸಿಜನ್, ಎಂದರೆ ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಚಿಕಿತ್ಸೆಯ ಮಾತು ಬಂತು.

ಆ ಚಿಕಿತ್ಸೆ ಕೊಡುವ ಕೇಂದ್ರದ ಕಾಯುವ ಕೋಣೆಯಲ್ಲಿ ಮಂಡ್ಯದ ಕಡೆಯ ಒಬ್ಬ ತಾಯಿ ಸಿಕ್ಕಿದ್ದರು. ನನ್ನದೇ ಕಾಯಿಲೆ, ನನ್ನ ಹಾಗೇ ರಕ್ತ. ಆದರೆ ಆಕೆ ತಿಂಗಳುಗಟ್ಟಲೆ ಅದನ್ನು ‘ಉಷ್ಣ’ ಅಂದುಕೊಂಡಿದ್ದರು. ಎಳನೀರು, ಬಾರ್ಲಿ ನೀರು, ಜೀರಿಗೆ ನೆನೆಸಿದ ನೀರು, ಯಾವುದನ್ನೂ ಬಿಟ್ಟಿರಲಿಲ್ಲ. ಮನೆಯಲ್ಲಿ ಗಂಡುಮಕ್ಕಳೇ. ಅವರೆದುರು ಈ ಮಾತು ಹೇಗೆ ಎತ್ತುವುದು ಎಂದು ಸುಮ್ಮನಿದ್ದರು. ಹೆಪ್ಪುಗಟ್ಟಿದ ರಕ್ತ ದಾರಿ ಮುಚ್ಚಿ ಮೂತ್ರವೇ ಕಟ್ಟಿಕೊಂಡಾಗ ರಾತ್ರೋರಾತ್ರಿ ಹೊತ್ತು ತಂದರಂತೆ. ನನಗೆ ಬಹಳ ಸಂಕಟವಾಯಿತು. ಕ್ಯಾನ್ಸರನ್ನೇ ಗೆದ್ದು ಬಂದ ಹೆಂಗಸು ನಾಚಿಕೆಗೆ ಇಷ್ಟು ನರಳಬೇಕೆ?

ಇದನ್ನು ಹೇಳಿದಾಗ ಗಿರಿಜಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಆಮೇಲೆ ಕೇಳಿದರು: “ಸರಿ, ರಕ್ತಕ್ಕೂ ಆಕ್ಸಿಜನ್‌ಗೂ ಏನ್ ಸಂಬಂಧ? ಮೂಗಿಗೆ ಪೈಪ್ ಹಾಕ್ತಾರಾ?”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಈ ಪ್ರಶ್ನೆ ಬಂದರೆ ಕರಿಬೇವು ಕೈಯಲ್ಲೇ ಉಳಿಯುತ್ತದೆ.

ಕೊರೋನಾ ಕಾಲದಲ್ಲಿ ಮನೆಮನೆಗೂ ಬೆರಳಿಗೆ ಸಿಕ್ಕಿಸುವ ಪುಟ್ಟ ಮೀಟರು ಬಂತಲ್ಲ, ಅದರಲ್ಲಿ ನಿಮಗೂ ನನಗೂ 97, 98 ತೋರಿಸುತ್ತದೆ. ಎಂದರೆ ನಮ್ಮ ಕೆಂಪು ರಕ್ತಕಣಗಳು ಈಗಾಗಲೇ ಭರ್ತಿ. ಮೂಗಿಗೆ ಎಷ್ಟು ಆಕ್ಸಿಜನ್ ಹಿಡಿದರೂ ಅವು ಇನ್ನು ಹೊರಲಾರವು. ಹೆಚ್ಚು ಕಳಿಸಬೇಕಾದರೆ ಕಣಗಳನ್ನು ಬಿಟ್ಟು ರಕ್ತದ ನೀರಿನಲ್ಲೇ ಕರಗಿಸಬೇಕು. ಅನಿಲವನ್ನು ದ್ರವದಲ್ಲಿ ಕರಗಿಸುವ ಉಪಾಯ ನಮ್ಮ ಗೋಲಿ ಸೋಡಾದವನಿಗೆ ಗೊತ್ತು: ಒತ್ತಡ ಹಾಕು, ಕರಗುತ್ತದೆ, ಗೋಲಿ ಒತ್ತು, ಬುಸ್ಸೆಂದು ಹೊರಬರುತ್ತದೆ. ಒತ್ತಡ ಹೆಚ್ಚಿದಷ್ಟೂ ಕರಗುವುದು ಹೆಚ್ಚು ಎಂದು ವಿಲಿಯಂ ಹೆನ್ರಿ 1803ರಲ್ಲೇ ಲೆಕ್ಕ ಹಾಕಿಟ್ಟ. ಮಾಮೂಲಿ ಗಾಳಿಯಲ್ಲಿ ನಮ್ಮ 100 ಮಿಲಿಲೀಟರ್ ರಕ್ತದ ನೀರಿನಂಶದಲ್ಲಿ ಕರಗಿರುವ ಆಕ್ಸಿಜನ್ ಸುಮಾರು 0.3 ಮಿಲಿಲೀಟರ್, ಲೆಕ್ಕಕ್ಕಿಲ್ಲದಷ್ಟು. ಮೂರು ಪಟ್ಟು ವಾಯುಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ ಅದು ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಅಷ್ಟೇ ಸಾಕು, ಕೆಂಪು ಕಣಗಳ ಹಂಗೇ ಬೇಡ.

ಇದು ಬರೀ ಪುಸ್ತಕದ ಲೆಕ್ಕವಲ್ಲ. ಆಮ್‌ಸ್ಟರ್‌ಡಾಮಿನ ಶಸ್ತ್ರವೈದ್ಯ ಈಟೆ ಬೂರೆಮಾ ಹಂದಿಗಳ ರಕ್ತದಿಂದ ಕೆಂಪು ಕಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು, ಬರೀ ದ್ರವ ತುಂಬಿಸಿ, ಮೂರು ಪಟ್ಟು ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಕೊಟ್ಟ. ಹಂದಿಗಳು ಬದುಕಿದವು. ಅದನ್ನು ಪ್ರಕಟಿಸಿದ್ದು 1960ರಲ್ಲಿ. ನಾನು ಪಾಠ ಹೇಳುವ ದಿನಗಳಲ್ಲಿ ಇದು ನನಗೆ ಗೊತ್ತಿದ್ದರೆ ಒಂದಿಡೀ ಪೀರಿಯಡ್ಡು ಇದನ್ನೇ ಹೇಳುತ್ತಿದ್ದೆ. ಒತ್ತಡದ ಗಾಳಿಯಲ್ಲಿ ರೋಗಿಯನ್ನು ಕೂರಿಸುವ ಯೋಚನೆ ಇನ್ನೂ ಹಳೆಯದು. 1662ರಲ್ಲೇ ಇಂಗ್ಲೆಂಡಿನ ಹೆನ್‌ಶಾ ಎಂಬಾತ ತಿದಿ ಒತ್ತಿ ಗಾಳಿ ತುಂಬುವ ಕೋಣೆಯ ಯೋಜನೆ ಹಾಕಿದ್ದ. ಆಗ ಆಕ್ಸಿಜನ್ ಎಂಬುದೊಂದು ಇದೆ ಎಂದು ಪ್ರಪಂಚಕ್ಕೇ ಗೊತ್ತಿರಲಿಲ್ಲ; ಅದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1928ರಲ್ಲಿ ಕನಿಂಗ್‌ಹ್ಯಾಮ್ ಎಂಬ ಡಾಕ್ಟರಿಗಾಗಿ 64 ಅಡಿ ಅಗಲದ ಉಕ್ಕಿನ ಗೋಳವನ್ನೇ ಆಸ್ಪತ್ರೆಯಾಗಿ ಕಟ್ಟಿದ್ದರು, ಒಳಗೆ ಐದು ಅಂತಸ್ತು. ಯಾವ ಕಾಯಿಲೆಗೆ ಏಕೆ ಗುಣ ಕೊಡುತ್ತದೆ ಎಂಬುದಕ್ಕೆ ಪುರಾವೆ ಕೊಡಿ ಎಂದು ವೈದ್ಯರ ಸಂಘ ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಯುದ್ಧಕಾಲದಲ್ಲಿ ಆ ಗೋಳ ಗುಜರಿಗೆ ಹೋಯಿತು. ಪುರಾವೆ ಕೇಳಿದ್ದು ಸರಿಯೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಹೋಗುವ ಕಡೆ ಇರುವುದು ಒಬ್ಬರೇ ಮಲಗುವ ಪಾರದರ್ಶಕ ಕೊಳವೆ. ಹತ್ತು ಹನ್ನೆರಡು ಜನ ಒಟ್ಟಿಗೆ ಕೂತು ಮಾಸ್ಕ್ ಹಾಕಿಕೊಳ್ಳುವ ದೊಡ್ಡ ಉಕ್ಕಿನ ಕೋಣೆಗಳೂ ಕೆಲವು ಕಡೆ ಇವೆ. ಕೊಳವೆಯ ಒಳಗೆ ತುಂಬುವುದು ಶುದ್ಧ ಆಕ್ಸಿಜನ್. ಆಕ್ಸಿಜನ್ ತಾನಾಗಿ ಉರಿಯದು, ಆದರೆ ಒಂದು ಕಿಡಿಯನ್ನು ಜ್ವಾಲೆ ಮಾಡಲು ಅದಕ್ಕೆ ಕ್ಷಣ ಸಾಕು. ಅದಕ್ಕೇ ಗಿರಿಜಮ್ಮ, ತಲೆಗೆ ಎಣ್ಣೆ ಇಲ್ಲ. ಕೊಬ್ಬರಿ ಎಣ್ಣೆ, ವ್ಯಾಸಲೀನು, ವಿಕ್ಸು, ಮಂಡಿಗೆ ಹಚ್ಚುವ ಮುಲಾಮು, ಪೌಡರು, ಸೆಂಟು, ಉಗುರುಬಣ್ಣ ಯಾವುದೂ ಇಲ್ಲ. ರೇಷ್ಮೆ, ನೈಲಾನ್, ಪಾಲಿಯೆಸ್ಟರ್ ಇಲ್ಲ. ಅವರು ಕೊಡುವ ಹತ್ತಿ ನಿಲುವಂಗಿ ಮಾತ್ರ. ಬಳೆ, ಓಲೆ, ಸರ, ಹೇರ್‌ಪಿನ್ನು, ಕನ್ನಡಕ, ವಾಚು, ಕಿವಿಯ ಮಿಷನ್ನು, ಫೋನು ಎಲ್ಲ ಹೊರಗೆ. ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ ಅದರ ತಂತಿಯನ್ನು ನೆಲಕ್ಕೆ ಜೋಡಿಸುತ್ತಾರೆ, ಮೈಮೇಲೆ ಸ್ಥಿರವಿದ್ಯುತ್ತು ಉಳಿಯಬಾರದೆಂದು. ಅಲ್ಲಿನ ಹುಡುಗಿ ದಿನವೂ ಇದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಾಳೆ, ದಿನವೂ ನನ್ನ ಜಡೆ ಬಿಚ್ಚಿ ಬೆರಳಾಡಿಸಿ ನೋಡುತ್ತಾಳೆ. ನನಗೆ ಆ ಹುಡುಗಿಯ ಮೇಲೆ ಗೌರವ. 1997ರಲ್ಲಿ ಇಟಲಿಯ ಮಿಲಾನಿನ ಆಸ್ಪತ್ರೆಯೊಂದರ ಕೋಣೆಗೆ ಬೆಂಕಿ ಬಿದ್ದು 11 ಜನ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಖಾಸಗಿ ಕೇಂದ್ರವೊಂದರ ಕೊಳವೆಯೊಳಗೆ ಬೆಂಕಿ ಹೊತ್ತಿ ಐದು ವರ್ಷದ ಮಗು ಸತ್ತಿತು. ಜಡೆ ಬಿಚ್ಚಿ ನೋಡದ ಕಡೆ ನೀವು ಮಲಗಲೇಬೇಡಿ.

ಬಾಗಿಲು ಹಾಕಿದ ಮೇಲೆ ಸುಂಯ್ ಎಂದು ಸದ್ದು. ಒತ್ತಡ ಏರುವಾಗ ಒಳಗೆ ಸೆಕೆ, ಇಳಿಯುವಾಗ ಚಳಿ. ಏರುವ ಆ ಹತ್ತು ಹದಿನೈದು ನಿಮಿಷ ಕಿವಿಯದೇ ಕೆಲಸ. ಘಾಟಿ ಇಳಿಯುವಾಗ ಕಿವಿ ಗವ್ವೆನ್ನುತ್ತದಲ್ಲ, ಅದರ ಹತ್ತರಷ್ಟು. ಉಗುಳು ನುಂಗಬೇಕು, ದವಡೆ ಆಡಿಸಬೇಕು, ಇಲ್ಲವೇ ಮೂಗು ಹಿಡಿದು ಬಾಯಿ ಮುಚ್ಚಿ ಮೆತ್ತಗೆ ಗಾಳಿ ಒತ್ತಬೇಕು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸಮುದ್ರಕ್ಕೆ ಇಳಿಯುವ ಹುಡುಗರಿಗೆ ಕಲಿಸುವುದೂ ಇದನ್ನೇ. ನನಗೆ ಇಡುವ 2.4 ಪಟ್ಟು ಒತ್ತಡ ಸಮುದ್ರದಲ್ಲಿ 14 ಮೀಟರ್ ಆಳಕ್ಕೆ ಸಮ. ನೋವಾದರೆ ಹಲ್ಲು ಕಚ್ಚಿ ಸಹಿಸಬಾರದು, ಕೈ ಎತ್ತಬೇಕು. ಒತ್ತಡ ನಿಲ್ಲಿಸುತ್ತಾರೆ, ಸ್ವಲ್ಪ ಇಳಿಸುತ್ತಾರೆ. ಸಹಿಸಿಕೊಂಡರೆ ತಮಟೆ ಹರಿಯುವ ಅಪಾಯವಿದೆ. ನಮ್ಮ ಹೆಂಗಸರಿಗೆ ಸಹಿಸಿಕೊಳ್ಳುವುದು ಎಷ್ಟು ರೂಢಿಯಾಗಿದೆ ಎಂದರೆ, ಕೈ ಎತ್ತಿ ಎಂದು ಆ ಹುಡುಗಿ ಮೈಕಿನಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಆಮೇಲೆ ಒಂದೂವರೆ ಗಂಟೆ ಸುಮ್ಮನೆ ಮಲಗುವುದು. ಮಧ್ಯೆ ಮಧ್ಯೆ ಐದು ಹತ್ತು ನಿಮಿಷ ಮಾಸ್ಕಿನಲ್ಲಿ ಮಾಮೂಲಿ ಗಾಳಿ ಕೊಡುತ್ತಾರೆ. ಆ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಬಿಡದೆ ಸೇವಿಸಿದರೆ ಅಪರೂಪಕ್ಕೆ ಫಿಟ್ಸ್ ಬರಬಹುದು. ಆ ಬಿಡುವು ಅದಕ್ಕಾಗಿ. ಸಕ್ಕರೆ ಕಾಯಿಲೆಯವರಿಗೆ ಒಳಗೆ ಸಕ್ಕರೆ ಇಳಿಯಬಹುದೆಂದು ಪ್ರತಿಸಲ ಬೆರಳು ಚುಚ್ಚಿ ನೋಡಿ ಒಳಗೆ ಬಿಡುತ್ತಾರೆ. ಶುರುವಿಗೆ ಮುಂಚೆ ಎದೆಯ ಎಕ್ಸ್‌ರೇ ತೆಗೆದು ಕಿವಿ ಪರೀಕ್ಷೆ ಮಾಡಿದ್ದರು. ಹಿಂದೆ ಯಾವ ಯಾವ ಕೀಮೋ ಔಷಧಿ ಕೊಟ್ಟಿದ್ದರು ಎಂದು ಹಳೆ ಚೀಟಿಗಳನ್ನೆಲ್ಲ ತರಿಸಿದ್ದರು. ಬ್ಲಿಯೋಮೈಸಿನ್ ಮುಂತಾದ ಕೆಲವು ಔಷಧಿ ತೆಗೆದುಕೊಂಡವರಿಗೆ ಇದನ್ನು ಕೊಡುವ ಮುನ್ನ ಬಹಳ ಯೋಚಿಸುತ್ತಾರೆ.

ಕಣ್ಣಿನ ಸಂಗತಿ ವಿಚಿತ್ರವಾದದ್ದು. ಕೆಲವು ವಾರ ಕಳೆದ ಮೇಲೆ ನಮ್ಮ ಬೀದಿಯ ಕೊನೆಗೆ ಬರುವ ಬಸ್ಸಿನ ನಂಬರು ಮಂಜುಮಂಜು. ಅದೇ ದಿನ ಸಂಜೆ ಕನ್ನಡಕ ಎಲ್ಲೋ ಇಟ್ಟು ಮರೆತವಳು ಬರಿಗಣ್ಣಿನಲ್ಲೇ ಸೂಜಿಗೆ ದಾರ ಪೋಣಿಸಿದೆ! ವರ್ಷಗಳಿಂದ ಆಗದ ಕೆಲಸ. ಈ ಚಿಕಿತ್ಸೆಯಲ್ಲಿ ಕಣ್ಣಿನ ಮಸೂರ ಸ್ವಲ್ಪ ಬದಲಾಗಿ ದೂರದ್ದು ಮಸುಕಾಗಿ ಹತ್ತಿರದ್ದು ತಿಳಿಯಾಗುತ್ತದೆ. ಮುಗಿದ ಕೆಲವು ವಾರ, ತಿಂಗಳಲ್ಲಿ ಮೊದಲಿನಂತೆ ಆಗುತ್ತದೆ. ಅಷ್ಟರೊಳಗೆ ಓಡಿಹೋಗಿ ಹೊಸ ಕನ್ನಡಕ ಮಾಡಿಸಿ ದುಡ್ಡು ಕಳೆಯಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪೊರೆ ಶುರುವಾದವರಿಗೆ ಅದು ಬೇಗ ಬಲಿಯಬಹುದು, ಅವರು ಕಣ್ಣಿನ ಡಾಕ್ಟರನ್ನೂ ಕೇಳಿಕೊಳ್ಳಬೇಕು.

“ಇಷ್ಟೆಲ್ಲ ಆಕ್ಸಿಜನ್ ಕೊಟ್ರೆ ಆ ಹಾಳು ಕ್ಯಾನ್ಸರಿಗೂ ಮೇವು ಹಾಕಿದ ಹಾಗಾಗಲ್ವಾ?” ಎಂದು ಕೇಳಿದರು ಗಿರಿಜಮ್ಮ. ಒಳ್ಳೆಯ ಪ್ರಶ್ನೆ. ನಾನೂ ಇದನ್ನೇ ಕೇಳಿದ್ದೆ. ಈ ಭಯ ವೈದ್ಯರಿಗೂ ಇತ್ತು. ಹಾಗೆಂದೇ ವರ್ಷಗಳ ದಾಖಲೆ ಕೆದಕಿ ನೋಡಿದ್ದಾರೆ. ಹೋದ ಕ್ಯಾನ್ಸರನ್ನು ಇದು ಎಬ್ಬಿಸುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಅದರಂತೆಯೇ, ಇದು ಕ್ಯಾನ್ಸರನ್ನು ಗುಣಪಡಿಸುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಹಾಗೆ ಹೇಳಿ ದುಡ್ಡು ಕೀಳುವವರು ಇದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

“ಗುಣ ಕಾಣ್ತಾ ಇದೆಯಾ?”

ಕಾಣುತ್ತಿದೆ, ನಿಧಾನವಾಗಿ. ಸಾಮಾನ್ಯವಾಗಿ 30ರಿಂದ 40 ಸಿಟ್ಟಿಂಗು, ವಾರಕ್ಕೆ ಐದು ದಿನ. ಮೊದಲ ವಾರಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಆಕ್ಸಿಜನ್ ತಾನೇ ಗಾಯ ಹೊಲಿಯುವುದಿಲ್ಲ. ರಕ್ತವಿಲ್ಲದ ಜಾಗಕ್ಕೂ ಅದರ ಅಂಚಿನ ಆರೋಗ್ಯವಂತ ಜಾಗಕ್ಕೂ ನಡುವೆ ಆಕ್ಸಿಜನ್ನಿನ ವ್ಯತ್ಯಾಸ ದಿನವೂ ಒಂದಷ್ಟು ಹೊತ್ತು ವಿಪರೀತ ಹೆಚ್ಚುತ್ತದೆ. ಆ ಸೂಚನೆ ಸಿಕ್ಕಿ ಹೊಸ ಸಣ್ಣ ನಾಳಗಳು ಅಂಚಿನಿಂದ ಒಳಕ್ಕೆ ಬೆಳೆಯುತ್ತವೆ. ನಾಳ ಬೆಳೆಯಲು ವಾರಗಳು ಬೇಕು. ಮಧ್ಯದಲ್ಲಿ ಬೇಸತ್ತು ಬಿಟ್ಟವರನ್ನು ನೋಡಿದೆ, ಅವರನ್ನು ದೂರಲಾರೆ. ಒಂದು ಸಿಟ್ಟಿಂಗಿಗೇ ಸಾವಿರಗಳ ಲೆಕ್ಕ, ದಿನವೂ ಜೊತೆಗೊಬ್ಬರು, ಊರಿಂದ ಬಂದವರಿಗೆ ಇರಲು ಕೋಣೆ. ವಿಮೆ ಇರುವವರು ಶುರು ಮಾಡುವ ಮುಂಚೆಯೇ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು. ಬಾಯಿಮಾತಿನಲ್ಲಿ ‘ಆಗುತ್ತೆ’ ಎಂದವರು ಬಿಲ್ಲು ಹೋದಾಗ ‘ಆಗಲ್ಲ’ ಎಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಪುರಾವೆಯ ಮಾತು. ಮೂತ್ರಕೋಶದ ಈ ತೊಂದರೆಗೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡಿನ ಐದು ಆಸ್ಪತ್ರೆಗಳು ಸೇರಿ ಒಂದು ಪ್ರಯೋಗ ಮಾಡಿದವು. 87 ರೋಗಿಗಳು, ಯಾರಿಗೆ ಆಕ್ಸಿಜನ್, ಯಾರಿಗೆ ಮಾಮೂಲಿ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2019ರಲ್ಲಿ ಫಲಿತಾಂಶ ಬಂತು: ಆಕ್ಸಿಜನ್ ಪಡೆದವರ ಮೂತ್ರದ ತೊಂದರೆ ಸ್ಪಷ್ಟವಾಗಿ ಹೆಚ್ಚು ಇಳಿದಿತ್ತು. ಎಲ್ಲರಿಗೂ ಅಲ್ಲ, ಆದರೆ ಬಹಳ ಜನಕ್ಕೆ. ಹಿಂದಿನ ಭಾಗದ, ಎಂದರೆ ಕರುಳು ಗುದನಾಳದ ತೊಂದರೆಗೆ ಉತ್ತರ ಅಷ್ಟು ನೇರವಿಲ್ಲ. 2008ರ ಒಂದು ಪ್ರಯೋಗ ಉಪಯೋಗವಿದೆ ಎಂದಿತು, 2016ರ ಬ್ರಿಟನ್ನಿನ ಇನ್ನೊಂದು ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ಡಾಕ್ಟರು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಯೇ ನನ್ನನ್ನು ಒಳಗೆ ಕಳಿಸಿದ್ದು. ‘ಗ್ಯಾರಂಟಿ’ ಎನ್ನುವ ಡಾಕ್ಟರಿಗಿಂತ ಇಂಥವರ ಮೇಲೆ ನನಗೆ ನಂಬಿಕೆ ಹೆಚ್ಚು.

ಇಷ್ಟು ಹೇಳಿ ಒಳಗೆ ಹೋಗಬೇಕು ಅಂದುಕೊಂಡೆ, ಒಲೆಯ ಮೇಲೆ ಬೇಳೆ ಇತ್ತು. ಆಗ ಗಿರಿಜಮ್ಮ ಅಂದರು: “ನಮ್ಮ ಭಾವನವರಿಗೂ ಬಾಯಿಗೆ ಕರೆಂಟು ಕೊಟ್ಟಿದ್ರು, ನಿಮಗೆ ಗೊತ್ತಲ್ಲ, ತುಮಕೂರಿನೋರು. ಕಡ್ಡಿಪುಡಿ ಹಾಕಿ ಹಾಕಿ ತಂದ್ಕೊಂಡಿದ್ದು. ಎಂಟು ವರ್ಷ ಆಯ್ತು, ಆರಾಮಾಗಿದಾರೆ. ಅದೇನೋ ಕೆಳಗಿನ ದವಡೆ ಹಲ್ಲು ನೋವು, ನಾಳೆ ಅಲ್ಲೇ ಬಸ್‌ಸ್ಟ್ಯಾಂಡ್ ಹತ್ರ ಕೀಳಿಸ್ತಾರಂತೆ.”

“ನಾಳೆ ಬೇಡ,” ಎಂದೆ. ಧ್ವನಿ ಸ್ವಲ್ಪ ಜೋರಾಗೇ ಬಂತು.

ಯಾಕೆಂದು ಹೇಳುತ್ತೇನೆ. ಬಾಯಿಗೆ, ಕುತ್ತಿಗೆಗೆ ಕರೆಂಟು ಕೊಟ್ಟಾಗ ಕೆಳದವಡೆಯ ಮೂಳೆಗೂ ಕಿರಣ ತಾಗಿರುತ್ತದೆ. ಅದು ಗಟ್ಟಿ ಮೂಳೆ, ಅದಕ್ಕೆ ರಕ್ತ ಹೋಗುವ ದಾರಿಯೂ ಕಡಿಮೆ. ಮೇಲ್ದವಡೆಗೆ ಹಾಗಿಲ್ಲ, ನಾನಾ ಕಡೆಯಿಂದ ಬರುತ್ತದೆ. ಕಿರಣ ಬಿದ್ದ ಕೆಳದವಡೆಯ ಹಲ್ಲು ಕಿತ್ತರೆ ಆ ಗುಳಿ ಮುಚ್ಚದೆ ಹೋಗಬಹುದು. ವಸಡು ಹಿಂದೆ ಸರಿದು ಮೂಳೆ ಹೊರಗೆ ಕಾಣುತ್ತದೆ, ವಾಸನೆ ಬರುತ್ತದೆ, ಕೀವಾಗುತ್ತದೆ. ತಿಂಗಳು ತಿಂಗಳು ಕಳೆದರೂ ಮಾಯುವುದಿಲ್ಲ. ಕೆಲವರಿಗೆ ಗದ್ದದ ಚರ್ಮಕ್ಕೇ ತೂತಾಗಿ ಸೋರುತ್ತದೆ. ಇನ್ನು ಕೆಲವರಿಗೆ ರೊಟ್ಟಿ ಅಗಿಯುವಾಗ ದವಡೆಯೇ ಮುರಿದಿದೆ. ಕ್ಯಾನ್ಸರ್ ಅಲ್ಲ, ಸೋಂಕು ಒಂದೇ ಕಾರಣವೂ ಅಲ್ಲ. ರಕ್ತವಿಲ್ಲದೆ ಮೂಳೆ ಸತ್ತಿರುತ್ತದೆ. ಇದನ್ನು ಮೊದಲು ಹೀಗೆ ಬಿಡಿಸಿ ಹೇಳಿದ್ದು ಅಮೆರಿಕದ ರಾಬರ್ಟ್ ಮಾರ್ಕ್ಸ್ ಎಂಬ ದವಡೆಯ ಶಸ್ತ್ರವೈದ್ಯ, 1983ರಲ್ಲಿ. ಎಂಟು ವರ್ಷವಾಯಿತು, ಇನ್ನೇನು ಭಯ ಎಂದುಕೊಳ್ಳುವಂತಿಲ್ಲ. ಈ ಅಪಾಯ ವರ್ಷ ಕಳೆದಂತೆ ಹೋಗುವಂಥದ್ದಲ್ಲ, ಜೀವಮಾನವಿಡೀ ಇರುತ್ತದೆ.

ಅದರ ಜೊತೆಗೆ ಇವರಿಗೆ ಹಲ್ಲು ಹುಳುಕಾಗುವುದೂ ಹೆಚ್ಚು. ಕರೆಂಟಿನಿಂದ ಜೊಲ್ಲಿನ ಗ್ರಂಥಿಗಳು ಒಣಗಿರುತ್ತವೆ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬುಡದಲ್ಲೇ ಸವೆದು ಮುರಿಯುತ್ತದೆ. ಅದಕ್ಕೇ ಕರೆಂಟು ಶುರು ಮಾಡುವ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಉಳಿಯದ ಹಲ್ಲನ್ನು ಮೊದಲೇ ಕಿತ್ತು, ಗಾಯ ಮಾಯಲು ಎರಡು ಮೂರು ವಾರ ಬಿಟ್ಟು, ಆಮೇಲೆ ಶುರು ಮಾಡುವುದು ಕ್ರಮ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ನಡೆಯುತ್ತದೆ? ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಎದುರು ಛತ್ರದಲ್ಲಿ ಮಲಗಿ ಸರದಿ ಕಾಯುವ ರೈತನಿಗೆ, ಹಲ್ಲೂ ತೋರಿಸಿಕೊಂಡು ಬಾ ಎಂದು ಹೇಳಲು ಯಾರಿಗಾದರೂ ಪುರುಸೊತ್ತು ಇರಬೇಕಲ್ಲ. ಇರಲೇಬೇಕು ಎನ್ನುತ್ತೇನೆ ನಾನು.

“ಹಂಗಾದ್ರೆ ಭಾವನವರನ್ನೂ ನಿಮ್ಮ ಕೊಳವೆಗೆ ಕರ್ಕೊಂಡು ಬರೋದಾ?”

ಅದನ್ನು ಈಗಲೇ ಹೇಳಲಾಗದು. ಇಲ್ಲೇ ನಾವು ಎಚ್ಚರವಾಗಿರಬೇಕಾದದ್ದು. ಹಲ್ಲು ಕೀಳುವ ಮುಂಚೆ 20, ಕಿತ್ತ ಮೇಲೆ 10 ಸಿಟ್ಟಿಂಗು ಕೊಟ್ಟರೆ ದವಡೆ ಉಳಿಯುತ್ತದೆ ಎಂದು ಮಾರ್ಕ್ಸ್ ಹೇಳಿದ್ದ. 1985ರ ಅವನ ಪ್ರಯೋಗದಲ್ಲಿ ಬರೀ ಪೆನಿಸಿಲಿನ್ ಪಡೆದ 37 ಜನರಲ್ಲಿ 11 ಮಂದಿಗೆ ಮೂಳೆ ಸತ್ತಿತ್ತು, ಆಕ್ಸಿಜನ್ ಪಡೆದ 37ರಲ್ಲಿ ಇಬ್ಬರಿಗೆ ಮಾತ್ರ. ಎಷ್ಟೋ ವರ್ಷ ಅದೇ ನಿಯಮವಾಗಿ ನಡೆಯಿತು. ಆದರೆ 2019ರಲ್ಲಿ ಬ್ರಿಟನ್ನಿನ ಪ್ರಯೋಗವೊಂದು ಬಂತು. ಅಲ್ಲಿ ಆಕ್ಸಿಜನ್ ಪಡೆದವರಲ್ಲೂ ಪಡೆಯದವರಲ್ಲೂ ಮೂಳೆ ಸತ್ತದ್ದು ನೂರಕ್ಕೆ ಸುಮಾರು ಆರು ಮಂದಿಗೆ. ಎಂದರೆ ಈಗಿನ ಕಾಲದಲ್ಲಿ ಬಾಯಿ ತೊಳೆಯುವ ಔಷಧಿ, ಸರಿಯಾದ ಆಂಟಿಬಯೋಟಿಕ್, ಮೂಳೆಗೆ ಪೆಟ್ಟಾಗದ ಹಾಗೆ ಕೀಳುವ ನಾಜೂಕಿನ ಕೈ, ಇಷ್ಟಿದ್ದರೆ ಎಲ್ಲರಿಗೂ ಕೊಳವೆ ಬೇಕಿಲ್ಲ. ಎಷ್ಟೋ ಸಲ ಹಲ್ಲನ್ನು ಕೀಳದೆ ರೂಟ್ ಕೆನಾಲ್ ಮಾಡಿ ಬುಡ ಉಳಿಸಿಕೊಳ್ಳಬಹುದು. ಯಾವ ಹಲ್ಲು, ಅದರ ಕೆಳಗಿನ ಮೂಳೆಗೆ ಎಷ್ಟು ಕಿರಣ ಬಿದ್ದಿದೆ ಎಂಬುದು ಕರೆಂಟು ಕೊಟ್ಟ ಆಸ್ಪತ್ರೆಯ ಕಡತದಲ್ಲಿರುತ್ತದೆ. ಅದನ್ನು ನೋಡಿಯೇ ತೀರ್ಮಾನ ಮಾಡಬೇಕು. ಬಸ್‌ಸ್ಟ್ಯಾಂಡಿನ ಹಲ್ಲಿನ ಡಾಕ್ಟರು ಒಳ್ಳೆಯವರೇ ಇರಬಹುದು. ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಗಿರಿಜಮ್ಮ ಅಲ್ಲೇ ಗೋಡೆಯ ಬಳಿ ನಿಂತು ತುಮಕೂರಿಗೆ ಫೋನ್ ಹಚ್ಚಿದರು. ಅವರ ಅಕ್ಕ ಎತ್ತಿದರು. “ಅಕ್ಕಾ, ಭಾವನವರ ಆಸ್ಪತ್ರೆ ಚೀಟಿ ಎಲ್ಲಿದೆ?” ಎಂದರೆ ಆ ಕಡೆಯಿಂದ, “ಅದ್ಯಾಕೆ ಈಗ? ಅದೆಲ್ಲ ಅಟ್ಟದ ಮೇಲೆ ಎಲ್ಲೋ ಹಾಕಿದೀವಿ, ಮನೇಲಿ ಇಟ್ಕೊಂಡ್ರೆ ಅದೇ ನೆನಪಾಗುತ್ತೆ ಅಂತ,” ಎಂಬ ಮಾತು ನನಗೂ ಕೇಳಿಸಿತು. ಹೀಗೆ ಅಟ್ಟಕ್ಕೆ ಹಾಕುವವರ ಸಂಕಟ ನನಗೆ ಅರ್ಥವಾಗುತ್ತದೆ. ಕ್ಯಾನ್ಸರ್ ಎಂಬ ಹೆಸರೇ ಮನೆಯಲ್ಲಿ ಉಳಿಯಬಾರದು ಎಂಬ ಆಸೆ ಅದು. ಆದರೂ ಆ ಚೀಟಿ ಇಳಿಸಲೇಬೇಕು.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಈಗೀಗ ಸೌಂದರ್ಯದ ಅಂಗಡಿ, ಜಿಮ್ಮು ಎಲ್ಲ ಕಡೆ ಬಟ್ಟೆಯ ಚೀಲದಂಥ ಮೆತ್ತನೆಯ ಕೊಳವೆ ಇಟ್ಟು, ಇದೇ ಚಿಕಿತ್ಸೆ, ವಯಸ್ಸು ಇಳಿಯುತ್ತದೆ, ಮಕ್ಕಳ ಆಟಿಸಂ ಹೋಗುತ್ತದೆ ಎಂದು ಜಾಹೀರಾತು ಕೊಡುತ್ತಾರೆ. ಆ ಮೆತ್ತನೆಯ ಕೊಳವೆಗಳ ಒತ್ತಡ ಸಾಮಾನ್ಯವಾಗಿ 1.3 ಪಟ್ಟಿನ ಆಸುಪಾಸು. ಕರೆಂಟಿನ ಗಾಯಕ್ಕೆ ಕೊಡುವುದು 2ರಿಂದ 2.5 ಪಟ್ಟು, ಶುದ್ಧ ಆಕ್ಸಿಜನ್, ಡಾಕ್ಟರರ ಎದುರಿನಲ್ಲಿ. ಎರಡೂ ಒಂದೇ ಅಲ್ಲ. ಕಷ್ಟದಲ್ಲಿರುವವರ ದುಡ್ಡು ಅಲ್ಲಿ ಹೋಗಬಾರದು.

ಭಾವನವರ ಹಲ್ಲು ಕೀಳುವುದು ಮುಂದಕ್ಕೆ ಹೋಯಿತು. ಚೀಟಿ ಸಿಕ್ಕಿದೆ. ಕರೆಂಟು ಕೊಟ್ಟ ಡಾಕ್ಟರಿಗೂ ಹಲ್ಲಿನ ಡಾಕ್ಟರಿಗೂ ಒಟ್ಟಿಗೆ ತೋರಿಸಿದರು, ರೂಟ್ ಕೆನಾಲ್ ಆಗುತ್ತದೆ ಎಂದಿದ್ದಾರಂತೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಹಿಂದೆ ಯಾವತ್ತಾದರೂ ಕರೆಂಟು ಕೊಡಿಸಿಕೊಂಡವರು ಇದ್ದರೆ, ಆ ಚೀಟಿಗಳನ್ನು ಇವತ್ತೇ ಅಟ್ಟದಿಂದ ಇಳಿಸಿ, ಕೈಗೆ ಸಿಗುವ ಕಡೆ ಇಡಿ, ಒಂದು ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿ. ಮೂತ್ರದಲ್ಲಿ, ಮಲದಲ್ಲಿ ರಕ್ತ ಕಂಡರೆ ಉಷ್ಣ ಎಂದು ಕೂರಬೇಡಿ, ಕರೆಂಟು ಕೊಟ್ಟ ಡಾಕ್ಟರ ಬಳಿಗೇ ಹೋಗಿ. ಬಾಯಿಗೆ, ಕುತ್ತಿಗೆಗೆ ಕರೆಂಟಾದವರು ಹಲ್ಲಿನ ಕುರ್ಚಿಯಲ್ಲಿ ಕೂರುವ ಮುಂಚೆ, ಎಷ್ಟೇ ವರ್ಷ ಕಳೆದಿರಲಿ, ಆ ಚೀಟಿಯನ್ನು ಮೊದಲು ತೋರಿಸಿ.